ದುಡ್ಡು ಕೊಟ್ಟು ತಂದ ಪೊರೆ

ದಾಬಸ್‌ಪೇಟೆಯಲ್ಲಿ ಕಣ್ಣಿಗೆ ಏನಾದರೊಂದು ಬೀಳದ ದಿನವಿಲ್ಲ. ಬೆಂಗಳೂರು–ತುಮಕೂರು ಹೆದ್ದಾರಿಗೆ ದೊಡ್ಡಬಳ್ಳಾಪುರದ ರಸ್ತೆ ಬಂದು ಸೇರುವ ಜಾಗ ಇದು. ಒಂದು ಕಡೆ ಸೋಂಪುರದ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಶಿವಗಂಗೆಯ ಬೆಟ್ಟ, ನಡುವೆ ಜಲ್ಲಿ ಹೊತ್ತ ಟಿಪ್ಪರುಗಳು. ಕಣ್ಣಿಗೆ ದೂಳು ಬಿತ್ತೆಂದರೆ ಇಲ್ಲಿನ ಹೆಂಗಸರು ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಬಿಸಿಯುಸಿರು ಊದಿ, ರೆಪ್ಪೆಯ ಮೇಲೆ ಒತ್ತುತ್ತಾರೆ. ಬೇರೆ ಔಷಧಿ ಬೇಕಾಗುವುದು ಕಡಿಮೆ. ಊರಿನ ಹೆಸರೂ ಹೊರಗಿನಿಂದ ಬಂದು ಬಿದ್ದದ್ದೇ. ಮೈಸೂರು ಸೀಮೆಯಲ್ಲಿ ಕಮಿಷನರುಗಳ ಆಡಳಿತವಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಆರ್. ಎಸ್. ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಅದು. ನಮ್ಮ ನಾಲಿಗೆಗೆ ಒಗ್ಗುವಷ್ಟು ಸವೆದು ದಾಬಸ್ ಆಯಿತು.

ಇಂಥ ಊರಿನಲ್ಲಿ ಇದ್ದುಕೊಂಡು, ಮೂವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಮೊದಲ ಸಲ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೆ. ಅಂಗಡಿಯ ಹುಡುಗ ಹೇಳಿದ್ದು ಒಂದೇ ಮಾತು: "ಏನಿಲ್ಲ ಮೇಡಂ, ಒಂದು ವಾರ ಅಷ್ಟೇ, ಕಣ್ಣು ಹೊಂದ್ಕೊಳ್ಳುತ್ತೆ." ಮನೆಗೆ ಬಂದು ವಿಷಯ ಹೇಳಿದರೆ ಅಮ್ಮ ದಿಟ್ಟಿಸಿ ನೋಡಿ, "ಪೊರೆ ತೆಗುಸ್ಕಳಕ್ಕೆ ಜನ ಆಸ್ಪತ್ರೆಗೆ ಓಯ್ತಾರೆ, ನೀನು ದುಡ್ಡು ಕೊಟ್ಟು ಪೊರೆ ಆಕುಸ್ಕೊಂಡ್ ಬಂದಿದ್ದೀಯಲ್ಲವ್ವಾ" ಎಂದರು. ಈ ಎರಡು ಮಾತುಗಳ ನಡುವೆ ನೂರ ಮೂವತ್ತು ವರ್ಷಗಳ ಒಂದು ಜಗಳ ಅಡಗಿದೆ ಎಂದು ನನಗೆ ಗೊತ್ತಾದದ್ದು ಆಮೇಲೆ, ಲೆನ್ಸಿನ ಚರಿತ್ರೆ ಓದತೊಡಗಿದಾಗ. ಹೊಂದಿಕೊಳ್ಳಬೇಕಾದದ್ದು ಯಾರು, ಕಣ್ಣೋ ಗಾಜೋ ಎಂಬುದೇ ಆ ಜಗಳ.

ಮೊದಲು ಕನ್ನಡಕದ ಮಾತು ಮುಗಿಸಿಬಿಡೋಣ. ಕನ್ನಡ ನಾಡಿನಲ್ಲಿ ಕನ್ನಡಕದ ಬಗ್ಗೆ ಸಿಗುವ ಹಳೆಯ ಸುಳಿವುಗಳಲ್ಲೊಂದು ವಿಜಯನಗರದ್ದು. ವ್ಯಾಸತೀರ್ಥರನ್ನು ಕುರಿತು ಸೋಮನಾಥ ಕವಿ ಬರೆದ ಸಂಸ್ಕೃತ ಚಂಪೂ ಕೃತಿ 'ವ್ಯಾಸಯೋಗಿಚರಿತ'ದಲ್ಲಿ, 1520ರ ಆಸುಪಾಸಿನಲ್ಲಿ, ಯತಿಗಳು ಕಣ್ಣಿಗೆ ಗಾಜಿನ ನೆರವು ಪಡೆದು ಗ್ರಂಥ ಓದುವ ಪ್ರಸ್ತಾಪವಿದೆ ಎಂದು ಪುಣೆಯ ವಿದ್ವಾಂಸ ಪಿ. ಕೆ. ಗೋಡೆ ಗುರುತಿಸಿದರು. ಪೋರ್ಚುಗೀಸರು ಗೋವೆಗೆ ಬಂದು ಹತ್ತು ವರ್ಷವಷ್ಟೇ ಆಗಿತ್ತು. ಆ ಕನ್ನಡಕಕ್ಕೆ ಕಿವಿಗೆ ಸಿಕ್ಕಿಸುವ ಕಡ್ಡಿ ಇರಲು ಸಾಧ್ಯವಿರಲಿಲ್ಲ. ಕಡ್ಡಿ ಬಂದದ್ದು 18ನೇ ಶತಮಾನದಲ್ಲಿ. ಅಲ್ಲಿಯವರೆಗೆ ಕೈಯಲ್ಲಿ ಹಿಡಿಯಬೇಕು, ಇಲ್ಲವೇ ಮೂಗಿನ ಮೇಲೆ ಕೂರಿಸಿಕೊಂಡು ಅಲುಗಾಡದೆ ಇರಬೇಕು. ಎಷ್ಟಾದರೂ ಕನ್ನಡಕ ಕಷ್ಟ ಕೊಟ್ಟದ್ದು ಮೂಗಿಗೆ, ಕಿವಿಗೆ. ಕಣ್ಣನ್ನು ಅದು ಮುಟ್ಟಲಿಲ್ಲ.

ಕಣ್ಣನ್ನು ಮುಟ್ಟುವ ಧೈರ್ಯ ಮಾಡಿದ್ದು 1888ರಲ್ಲಿ, ಜ್ಯೂರಿಚ್‌ನಲ್ಲಿದ್ದ ಜರ್ಮನ್ ವೈದ್ಯ ಅಡಾಲ್ಫ್ ಫಿಕ್. ಮೊದಲು ಮೊಲಗಳ ಕಣ್ಣಿಗೆ, ಆಮೇಲೆ ತನ್ನ ಕಣ್ಣಿಗೆ, ಆಮೇಲೆ ಕೆಲವು ರೋಗಿಗಳ ಕಣ್ಣಿಗೆ ಗಾಜಿನ ಚಿಪ್ಪು ತೊಡಿಸಿದ. ಚಿಪ್ಪು ಎಂದರೆ ಚಿಪ್ಪೇ. ಇವತ್ತಿನ ಲೆನ್ಸಿನ ಹಾಗೆ ಕರಿಗುಡ್ಡೆಯ ಮೇಲೆ ಕೂರುವುದಲ್ಲ, ಬಿಳಿಗುಡ್ಡೆಯನ್ನೂ ಮುಚ್ಚುವಂಥದ್ದು. ಅಗಲ ಸುಮಾರು 2 ಸೆಂಟಿಮೀಟರ್. ಕಣ್ಣಿಗೂ ಗಾಜಿಗೂ ನಡುವಿನ ಜಾಗಕ್ಕೆ ದ್ರಾಕ್ಷಿ ಸಕ್ಕರೆಯ ನೀರು. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ನೋಟಕ್ಕೆ ಮಂಜು ಕವಿಯುತ್ತಿತ್ತು, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು. ತೆಗೆದರೆ ಸರಿಹೋಗುತ್ತಿತ್ತು. ಏಕೆ ಹೀಗೆ ಎಂದು ಆಗ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಫಿಕ್ ಬರೆದ ಲೇಖನದ ಹೆಸರಿನಿಂದಲೇ 'ಕಾಂಟ್ಯಾಕ್ಟ್' ಎಂಬ ಮಾತು ಈ ವಸ್ತುವಿಗೆ ಅಂಟಿಕೊಂಡಿತು.

ಮರುವರ್ಷದ ಕತೆ ನನಗೆ ಇನ್ನೂ ಹತ್ತಿರದ್ದು. ಕೀಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಔಗುಸ್ಟ್ ಮ್ಯುಲರ್‌ಗೆ ಮೈನಸ್ 14ರ ದೃಷ್ಟಿದೋಷ. ಅಂದರೆ ಕನ್ನಡಕವಿಲ್ಲದೆ ಅವನಿಗೆ ಸ್ಪಷ್ಟವಾಗಿ ಕಾಣುತ್ತಿದ್ದುದು ಮೂಗಿನಿಂದ ಏಳು ಸೆಂಟಿಮೀಟರ್ ದೂರದವರೆಗೆ ಮಾತ್ರ. ಅವನು ತನಗಾಗಿಯೇ ಗಾಜಿನ ಲೆನ್ಸ್ ಮಾಡಿಸಿಕೊಂಡು, 1889ರಲ್ಲಿ ಅದರ ಮೇಲೆ ಪ್ರಬಂಧ ಬರೆದ. ಹಾಕಿಕೊಳ್ಳುವುದು ಹೇಗೆ? ಐದು ವರ್ಷ ಹಿಂದಷ್ಟೇ ಕೊಕೇನ್ ಹನಿಗಳು ಕಣ್ಣನ್ನು ಮರಗಟ್ಟಿಸುತ್ತವೆ ಎಂದು ವಿಯೆನ್ನಾದ ಕಾರ್ಲ್ ಕೊಲ್ಲರ್ ತೋರಿಸಿದ್ದ. ಮ್ಯುಲರ್ ಕಣ್ಣಿಗೆ ಕೊಕೇನ್ ಬಿಟ್ಟುಕೊಂಡು ಲೆನ್ಸ್ ಇಟ್ಟುಕೊಂಡ. ಆದರೂ ಅರ್ಧ ಗಂಟೆಗಿಂತ ಹೆಚ್ಚು ತಡೆಯಲು ಆಗಲಿಲ್ಲ. ಮುಂದೆ ಅವನು ಕಣ್ಣಿನ ಸಹವಾಸವನ್ನೇ ಬಿಟ್ಟು ಮೂಳೆ ವೈದ್ಯನಾದ. ಆ ಅರ್ಧ ಗಂಟೆಯಲ್ಲಿ ಅವನು ಕಿಟಕಿಯಾಚೆ ಏನು ನೋಡಿದನೋ.

ಕಣ್ಣಿನ ಆ ಪಾರದರ್ಶಕ ಪೊರೆ, ಕಾರ್ನಿಯಾ, ದೇಹದಲ್ಲೇ ಅತಿ ಹೆಚ್ಚು ನರತುದಿಗಳು ಸೇರಿರುವ ಜಾಗಗಳಲ್ಲೊಂದು. ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ನಮಗೆ ಜಗತ್ತು ಕೆಂಪು ಬಲೆಯೊಳಗಿಂದ ಕಾಣುತ್ತಿತ್ತು. ರಕ್ತ ಇಲ್ಲದ ಮೇಲೆ ಉಸಿರು ಎಲ್ಲಿಂದ? ನೇರವಾಗಿ ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿ. 1952ರಲ್ಲಿ ಅಮೆರಿಕದ ಸ್ಮೆಲ್ಸರ್ ಮತ್ತು ಓಜಾನಿಕ್ಸ್ ಇದನ್ನು ತೋರಿಸಿಕೊಟ್ಟ ಮೇಲೆ ಫಿಕ್ ಕಂಡ ಮಂಜಿನ ಗುಟ್ಟು ಬಯಲಾಯಿತು. ಗಾಜಿನ ಚಿಪ್ಪಿನ ಕೆಳಗೆ ಕಣ್ಣು ಉಸಿರುಕಟ್ಟಿ ಊದಿಕೊಳ್ಳುತ್ತಿತ್ತು. ಅರವತ್ತಕ್ಕೂ ಹೆಚ್ಚು ವರ್ಷ ವೈದ್ಯರು ಮತ್ತು ಕುಶಲಕರ್ಮಿಗಳು ಅಂಚು ನಯ ಮಾಡಿದ್ದರು, ಅಳತೆ ಬದಲಿಸಿದ್ದರು, ಒಳಗಿನ ದ್ರವ ಬದಲಿಸಿದ್ದರು. ಕಣ್ಣಿಗೆ ಬೇಕಾಗಿದ್ದದ್ದು ಗಾಳಿ.

ಅಷ್ಟರಲ್ಲಿ ಗಾಜು ಹೋಗಿ ಪ್ಲಾಸ್ಟಿಕ್ ಬಂದಿತ್ತು. 1948ರಲ್ಲಿ ಕ್ಯಾಲಿಫೋರ್ನಿಯಾದ ಕೆವಿನ್ ಟೂಯಿ ಎಂಬ ಕನ್ನಡಕ ತಂತ್ರಜ್ಞ ಕರಿಗುಡ್ಡೆಯ ಮೇಲಷ್ಟೇ ಕೂರುವ ಪುಟ್ಟ ಪ್ಲಾಸ್ಟಿಕ್ ಲೆನ್ಸಿಗೆ ಪೇಟೆಂಟ್ ಅರ್ಜಿ ಹಾಕಿದ. ದೊಡ್ಡ ಚಿಪ್ಪನ್ನು ಕಡೆಯುವಾಗ ನಡುಭಾಗ ಮುರಿದು ಬೇರೆಯಾಯಿತು, ಅದನ್ನೇ ಅಂಚು ತಿಕ್ಕಿ ತನ್ನ ಕಣ್ಣಿಗೆ ಹಾಕಿಕೊಂಡು ನೋಡಿದ ಎಂದು ಕತೆ. 'ಹಾರ್ಡ್ ಲೆನ್ಸ್' ಯುಗ ಅಲ್ಲಿಂದ ಶುರು. ಅದಕ್ಕೆ ಹೊಂದಿಕೊಳ್ಳಲು ವೇಳಾಪಟ್ಟಿಯೇ ಇರುತ್ತಿತ್ತು: ಮೊದಲ ದಿನ ಎರಡು ಮೂರು ಗಂಟೆ, ದಿನಕ್ಕಿಷ್ಟು ಹೆಚ್ಚಿಸುತ್ತಾ ವಾರಗಟ್ಟಲೆ. ಕಣ್ಣೀರು, ಕೆಂಪು, ಬೆಳಕು ಕಂಡರೆ ಮುಖ ಹಿಂಡುವುದು, ತಲೆ ಹಿಂದಕ್ಕೆ ಬಾಗಿಸಿ ಅರ್ಧ ರೆಪ್ಪೆಯಲ್ಲಿ ನೋಡುವುದು. ಆಮೇಲೆ ನೋವು ಹೋಗುತ್ತಿತ್ತು. ಅದು ಹೋದದ್ದು ಹೇಗೆ ಎಂಬುದನ್ನು 1970ರ ದಶಕದಲ್ಲಿ ಮಿಶೆಲ್ ಮಿಲ್ಲೊಡೊ ಅಳತೆ ಮಾಡಿ ನೋಡಿದ. ಲೆನ್ಸ್ ಹಾಕುವವರ ಕಾರ್ನಿಯಾದ ಸ್ಪರ್ಶಜ್ಞಾನವೇ ಕುಗ್ಗಿತ್ತು. ಕಣ್ಣು ಹೊಂದಿಕೊಂಡಿತು ಎಂದು ನಾವು ಹೇಳುವುದರಲ್ಲಿ ಒಂದು ಪಾಲು, ಕಣ್ಣು ದೂರು ಹೇಳುವುದನ್ನು ನಿಲ್ಲಿಸಿತು ಎಂಬುದು. ಇದನ್ನು ಓದಿದ ರಾತ್ರಿ ನಾನು ಲೆನ್ಸ್ ಬೇಗ ತೆಗೆದಿಟ್ಟೆ.

ಹಾಗಾದರೆ ಇಷ್ಟು ಕಷ್ಟ ಯಾಕೆ ಪಡುತ್ತಿದ್ದರು? ಚಂದಕ್ಕೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಉತ್ತರ ನಮ್ಮ ಮನೆಯ ಜಗಲಿಯ ಮೇಲೇ ಇತ್ತು.

ನಮ್ಮಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆದದ್ದು ಶಾಲೆಯ ಕೊಠಡಿಯಲ್ಲಿ ನಡೆದ ಶಿಬಿರದಲ್ಲಿ. ಕರ್ನಾಟಕದ ಹಳ್ಳಿಗಳಿಗೆ ಕಣ್ಣಿನ ಶಿಬಿರ ಎಂಬುದನ್ನು ಮನೆಮಾತು ಮಾಡಿದವರು ಬೀಳಗಿಯ ಡಾ. ಎಂ. ಸಿ. ಮೋದಿ. ಊರೂರು ತಿರುಗಿ, ಒಂದೇ ದಿನ ನೂರಾರು ಜನರ ಪೊರೆ ತೆಗೆದವರು. 1968ರಲ್ಲಿ ಪದ್ಮಭೂಷಣ ಪಡೆದವರು. ಕುರುಡಾಗಿ ಮೂಲೆ ಸೇರಿದ್ದವರು ಎದ್ದು ಓಡಾಡಿದ್ದು ಇಂಥ ಶಿಬಿರಗಳಿಂದ. ಆದರೆ ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ಮಸುಕಾದ ಮಸೂರವನ್ನು ತೆಗೆಯುತ್ತಿದ್ದರು, ಅದರ ಜಾಗಕ್ಕೆ ಕಣ್ಣೊಳಗೆ ಏನನ್ನೂ ಇಡುತ್ತಿರಲಿಲ್ಲ. ಬದಲಿಗೆ ಕೊಡುತ್ತಿದ್ದುದು ಪ್ಲಸ್ 10ರ ಹತ್ತಿರದ ದಪ್ಪ ಕನ್ನಡಕ. ಮಕ್ಕಳ ಬಾಯಲ್ಲಿ ಸೋಡಾಬುಡ್ಡಿ. ಅಂದ ಹಾಗೆ, ಲೆನ್ಸ್ ಎಂಬುದು ಲ್ಯಾಟಿನ್ನಿನಲ್ಲಿ ಚನ್ನಂಗಿ ಬೇಳೆಯ ಹೆಸರು. ನಮ್ಮ ಪಠ್ಯಪುಸ್ತಕದ ಮಸೂರವೂ ಅದೇ ಬೇಳೆ.

ಆ ಕನ್ನಡಕದೊಳಗಿಂದ ಲೋಕ ನಾಲ್ಕನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ದೊಡ್ಡದಾಗಿ ಕಂಡದ್ದು ಹತ್ತಿರವಿದೆ ಎಂದು ಮೆದುಳು ನಂಬುತ್ತದೆ. ಅಜ್ಜಿ ಲೋಟಕ್ಕೆ ಮಜ್ಜಿಗೆ ಹುಯ್ದರೆ ಲೋಟದ ಈಚೆ ಬೀಳುತ್ತಿತ್ತು. ಮೆಟ್ಟಿಲ ಮುಂದೆ ನಿಂತು ಕಾಲಲ್ಲಿ ತಡಕುತ್ತಿದ್ದಳು. ದಪ್ಪ ಗಾಜಿನ ಅಂಚಿನಲ್ಲಿ ಏನೂ ಕಾಣದ ಒಂದು ಉಂಗುರ ಇರುತ್ತದೆ. ಬದಿಯಿಂದ ಬಂದ ಆಳು ಆ ಉಂಗುರದಲ್ಲಿ ಮಾಯವಾಗಿ ತಟಕ್ಕನೆ ಎದುರಿಗೆ ಪ್ರತ್ಯಕ್ಷನಾಗುತ್ತಾನೆ. ನಾವು ಮಕ್ಕಳು ಅಜ್ಜಿ ಬೆಚ್ಚುವುದನ್ನು ಆಟ ಮಾಡಿಕೊಂಡಿದ್ದೆವು. ಇನ್ನೊಂದು ಕಣ್ಣಿನಲ್ಲಿ ಇನ್ನೂ ಸ್ವಲ್ಪ ನೋಟವಿತ್ತಲ್ಲ, ಅದು ಬೇರೆ ಕಾಟ: ಒಂದರಲ್ಲಿ ದೊಡ್ಡ ಬಾಗಿಲು, ಇನ್ನೊಂದರಲ್ಲಿ ಸಣ್ಣ ಬಾಗಿಲು, ಎರಡೂ ಕೂಡುವುದಿಲ್ಲ. ಅಜ್ಜಿ ಆ ಕಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಇರುತ್ತಿದ್ದಳು.

ಇದೇ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದರೆ ಹಿಗ್ಗುವಿಕೆ ಶೇಕಡ 7–8ಕ್ಕೆ ಇಳಿಯುತ್ತದೆ. ಅಷ್ಟು ವ್ಯತ್ಯಾಸವನ್ನು ಮೆದುಳು ಸಹಿಸುತ್ತದೆ, ಎರಡು ಬಾಗಿಲು ಒಂದಾಗುತ್ತವೆ. ಪೊರೆ ತೆಗೆಸಿಕೊಂಡವರಿಗೆ, ಅದರಲ್ಲೂ ಒಂದೇ ಕಣ್ಣಿನದು ತೆಗೆಸಿಕೊಂಡವರಿಗೆ, ಹಾಗೆಯೇ ಕಾರ್ನಿಯಾ ಶಂಕುವಿನಂತೆ ಚೂಪಾಗುವ ಕೆರಾಟೋಕೋನಸ್ ರೋಗಿಗಳಿಗೆ ಆಗ ಕಾಂಟ್ಯಾಕ್ಟ್ ಲೆನ್ಸ್ ನಿಜವಾದ ದಾರಿಯಾಗಿತ್ತು. ಫಿಕ್ ಲೆನ್ಸ್ ಹಾಕಿನೋಡಿದ ರೋಗಿಗಳೂ ಇಂಥ ಕಣ್ಣಿನವರೇ. ಆದರೆ ಸೌದೆ ಒಲೆಯ ಮುಂದೆ ಕೂರುವ, ಬೆರಳು ನಡುಗುವ ಮುದುಕಿಗೆ ದಿನಾ ಬೆಳಗ್ಗೆ ಹಾಕಿ ರಾತ್ರಿ ತೆಗೆಯುವ ಗಾಜಿನಂಥ ಬಿಲ್ಲೆ ಕೊಡುವುದು ಹೇಗೆ? ದುಡ್ಡಿನ ಮಾತಂತೂ ಬಿಡಿ.

ಅಜ್ಜಿಯಂಥವರ ಕಷ್ಟ ಕೊನೆಗೊಂಡದ್ದು ಇನ್ನೊಂದು ದಾರಿಯಿಂದ, ಅದೂ ಅದೇ ಪ್ಲಾಸ್ಟಿಕ್ಕಿನಿಂದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಪರ್ಸ್ಪೆಕ್ಸ್ ಮುಚ್ಚಳ ಒಡೆದು ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಹೊಕ್ಕಾಗ, ಕಣ್ಣು ಅವನ್ನು ವಿರೋಧಿಸದೆ ಸುಮ್ಮನಿರುವುದನ್ನು ಹೆರಾಲ್ಡ್ ರಿಡ್ಲೆ ಗಮನಿಸಿದ. 1949ರ ನವೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪರ್ಸ್ಪೆಕ್ಸ್ ಮಸೂರವನ್ನು ರೋಗಿಯ ಕಣ್ಣೊಳಗೇ ಇಟ್ಟ. ಅದು ನಮ್ಮ ಕಡೆಯ ಬಡವರಿಗೆ ತಲುಪಲು ಇನ್ನೂ ನಾಲ್ಕು ದಶಕ ಬೇಕಾಯಿತು. ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಶುರುಮಾಡಿ ಈ ಮಸೂರವನ್ನು ಅಗ್ಗವಾಗಿ ತಯಾರಿಸತೊಡಗಿದ ಮೇಲೆ ಶಿಬಿರಗಳ ಸೋಡಾಬುಡ್ಡಿ ಕ್ರಮೇಣ ಮರೆಯಾಯಿತು. ಅಮ್ಮನ ಕಣ್ಣಿಗೆ ಹೋದ ವರ್ಷ ಅಂಥದ್ದೊಂದು ಕೂತಿದೆ. ಮೂರನೇ ದಿನ ಅವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ನನಗೆ 'ಪೊರೆ ಆಕುಸ್ಕೊಂಡ್ ಬಂದೆ' ಎಂದವರ ಕಣ್ಣೊಳಗೂ ದುಡ್ಡು ಕೊಟ್ಟು ಹಾಕಿಸಿದ ಬೇಳೆಯಿದೆ ಎಂದು ನಾನು ಇನ್ನೂ ಹೇಳಿಲ್ಲ.

ಹೊರಗಿನ ಲೆನ್ಸ್ ಮೆತ್ತಗಾದ ಕತೆ ಪ್ರಾಗ್ ನಗರದ್ದು. 1952ರಲ್ಲಿ ರೈಲಿನಲ್ಲಿ ಹೋಗುವಾಗ ರಸಾಯನ ವಿಜ್ಞಾನಿ ಓಟ್ಟೊ ವಿಖ್ಟರ್ಲೆ, ಸಹಪ್ರಯಾಣಿಕನೊಬ್ಬ ಕಣ್ಣಿನಲ್ಲಿ ಲೋಹದ ಕಸಿ ಕುರಿತು ಓದುತ್ತಿರುವುದನ್ನು ಕಂಡ. ಜೀವಂತ ಅಂಗಾಂಶದೊಳಗೆ ಲೋಹವೇಕೆ, ನೀರು ಕುಡಿದು ಮೆತ್ತಗಾಗುವ ಪ್ಲಾಸ್ಟಿಕ್ ಮಾಡಬಹುದಲ್ಲ ಎಂದು ಮಾತಿಗಿಳಿದ. ಸಹೋದ್ಯೋಗಿ ದ್ರಹೋಸ್ಲಾವ್ ಲೀಮ್ ಜೊತೆ ಕೆಲವೇ ವರ್ಷಗಳಲ್ಲಿ ಆ ವಸ್ತು ತಯಾರಾಯಿತು: ತೂಕದಲ್ಲಿ ಸುಮಾರು ಶೇಕಡ 38 ನೀರೇ ಇರುವ, ಪಾರದರ್ಶಕವಾದ, ಜೆಲ್ಲಿಯಂಥ ಪದಾರ್ಥ. ಆದರೆ ಅದನ್ನು ಲೆನ್ಸಿನ ಆಕಾರಕ್ಕೆ ತರುವುದೇ ಕಷ್ಟವಾಯಿತು; ಅಚ್ಚಿನಿಂದ ತೆಗೆಯುವಾಗ ಅಂಚು ಹರಿಯುತ್ತಿತ್ತು. ಇದರ ನಡುವೆ 1958ರಲ್ಲಿ ರಾಜಕೀಯ ಕಾರಣಕ್ಕೆ ವಿಖ್ಟರ್ಲೆಯನ್ನು ಅಧ್ಯಾಪನದಿಂದ ಹೊರಹಾಕಿದರು. ಆಮೇಲೆ ಲೆನ್ಸ್ ಸಂಶೋಧನೆಗೆ ಸರ್ಕಾರದ ಬೆಂಬಲವೂ ನಿಂತಿತು.

1961ರ ಕ್ರಿಸ್‌ಮಸ್ ಸಮಯದಲ್ಲಿ ಅವನು ಮನೆಯ ಮೇಜಿನ ಮೇಲೆ ಮಕ್ಕಳ 'ಮರ್ಕುರ್' ಆಟಿಕೆಯ ಕಬ್ಬಿಣದ ಪಟ್ಟಿ, ಚಕ್ರಗಳನ್ನು ಜೋಡಿಸಿ ಒಂದು ಯಂತ್ರ ಮಾಡಿದ. ತಿರುಗಿಸಲು ಸೈಕಲ್ಲಿನ ಡೈನಮೊ, ಅದಕ್ಕೆ ಕರೆಂಟು ಕೊಡಲು ಬಾಗಿಲ ಗಂಟೆಯ ಟ್ರಾನ್ಸ್‌ಫಾರ್ಮರ್. ತಿರುಗುವ ಪುಟ್ಟ ಅಚ್ಚಿನೊಳಗೆ ದ್ರವ ಹನಿಸಿದರೆ ಅದು ತಿರುಗುವ ರಭಸಕ್ಕೆ ಅಂಚಿಗೆ ಏರಿ ಬಟ್ಟಲಿನ ಆಕಾರ ತಾಳಿ ಗಟ್ಟಿಯಾಗುತ್ತಿತ್ತು. ಮೊದಲ ದಿನ ನಾಲ್ಕು ಲೆನ್ಸ್. ಮುಂದಿನ ನಾಲ್ಕು ತಿಂಗಳಲ್ಲಿ ಅವನೂ ಅವನ ಹೆಂಡತಿ ಲಿಂಡಾಳೂ ಸೇರಿ ಮನೆಯಲ್ಲೇ 5,500 ಲೆನ್ಸ್ ಮಾಡಿದರು. ಆ ಮನೆಯಲ್ಲಿ ಮಕ್ಕಳು ಆಟದ ಸಾಮಾನು ವಾಪಸ್ ಕೇಳಲಿಲ್ಲವೇ ಎಂದು ನನಗೆ ಕುತೂಹಲ. 1965ರಲ್ಲಿ ಅಮೆರಿಕದ ಹಕ್ಕುಗಳನ್ನು ಮಾರಿದ್ದು ಅವನಲ್ಲ, ವಿಜ್ಞಾನ ಅಕಾಡೆಮಿ. 1971ರ ಮಾರ್ಚ್‌ನಲ್ಲಿ ಬಾಷ್ ಅಂಡ್ ಲಾಂಬ್ ಕಂಪನಿಯ ಮೆತ್ತನೆಯ ಲೆನ್ಸಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿ ಅದು ಜಗತ್ತಿಗೆ ಹರಡಿದಾಗ, 1968ರ ಚಳವಳಿಯಲ್ಲಿ ಸಹಿ ಹಾಕಿದ ತಪ್ಪಿಗೆ ವಿಖ್ಟರ್ಲೆ ತನ್ನ ಸಂಸ್ಥೆಯ ನಿರ್ದೇಶಕ ಸ್ಥಾನವನ್ನೂ ಕಳೆದುಕೊಂಡಿದ್ದ.

ಕಣ್ಣಿನ ಆಕಾರಕ್ಕೆ ಬಾಗುವ, ಕಣ್ಣೀರು ಕುಡಿದು ಮೆತ್ತಗಾಗುವ ಲೆನ್ಸ್ ಅಲ್ಲಿಂದ ಬಂತು. ಕೊನೆಗೂ ಗಾಜಿನ ಕಡೆಯವರು ತಗ್ಗಿದರು. ವಾರಗಟ್ಟಲೆ ವೇಳಾಪಟ್ಟಿ ದಿನಗಳಿಗೆ ಇಳಿಯಿತು. ನನ್ನ ಮೊದಲ ದಿನ ಮುಕ್ಕಾಲು ಗಂಟೆ ಹೋದದ್ದು ಹಾಕಿಕೊಳ್ಳುವುದರಲ್ಲಿ ಮಾತ್ರ. ಬೆರಳು ಹತ್ತಿರ ಬರುತ್ತಿದ್ದಂತೆ ರೆಪ್ಪೆ ನನ್ನ ಮಾತೇ ಕೇಳುತ್ತಿರಲಿಲ್ಲ. ತಿರುವುಮುರುವಾಗಿದೆಯೇ ಎಂದು ಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಬೇಕು: ಬಟ್ಟಲಿನ ಹಾಗಿದ್ದರೆ ಸರಿ, ಅಂಚು ತಟ್ಟೆಯ ಹಾಗೆ ಹೊರಕ್ಕೆ ಚಾಚಿದ್ದರೆ ತಪ್ಪು. ಲೆನ್ಸ್ ಜಾರಿ ಕಣ್ಣಿನ ಹಿಂದಕ್ಕೆ, ತಲೆಯೊಳಗೆ ಹೋಗುತ್ತದೆಂಬ ಭಯ ನನಗೂ ಇತ್ತು. ಹೋಗಲಾರದು, ಬಿಳಿಗುಡ್ಡೆಯ ಮೇಲಿನ ತೆಳು ಪದರವೇ ಮಡಚಿಕೊಂಡು ರೆಪ್ಪೆಯ ಒಳಮೈಗೆ ಸೇರಿದೆ, ದಾರಿ ಅಲ್ಲೇ ಮುಚ್ಚಿದೆ. ಎರಡನೇ ವಾರದ ಹೊತ್ತಿಗೆ ಕಣ್ಣು ಸುಮ್ಮನಾಯಿತು, ಕೈ ಸುಮ್ಮನಾಗಲಿಲ್ಲ. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸುವ ಬೆರಳು ತಿಂಗಳುಗಟ್ಟಲೆ ಏಳುತ್ತಲೇ ಇತ್ತು.

ಈಗ ನಮ್ಮೂರಿನಲ್ಲಿ ಲೆನ್ಸ್ ಕೇಳಿ ಬರುವವರಲ್ಲಿ ಹೆಚ್ಚಿನವರು ಕಾಲೇಜಿನ, ಫ್ಯಾಕ್ಟರಿಯ ಹುಡುಗಿಯರು. 'ನೋಡಕ್ಕೆ ಬರ್ತಾವ್ರೆ, ಕನ್ನಡಕ ತೆಗೆದಿಡು' ಎಂಬ ಮಾತನ್ನು ಕೇಳಿಸಿಕೊಂಡು, ಬಂದ ಗಂಡಿನ ಮುಖವೇ ಮಸುಕಾಗಿ ಕಂಡು, ಕಾಫಿ ಕೊಟ್ಟು ಒಳಗೆ ಹೋದವರು ನಮ್ಮ ತಲೆಮಾರಿನಲ್ಲಿ ಇದ್ದರು. ಇವರು ಕನಿಷ್ಠ ಎದುರಿಗೆ ಕೂತವನನ್ನು ಸರಿಯಾಗಿ ನೋಡುತ್ತಾರೆ. ಅದನ್ನು ಶೋಕಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಭಯ ಇರುವುದು ನೀರಿನದು. 1980ರ ದಶಕದಲ್ಲಿ ಅಮೆರಿಕದಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯ ಕಣ್ಣಿನ ಸೋಂಕು ಹೆಚ್ಚಾದಾಗ ತನಿಖೆ ಮಾಡಿದವರಿಗೆ ಸಿಕ್ಕ ಕಾರಣಗಳಲ್ಲಿ ಮುಖ್ಯವಾದದ್ದು, ಡಿಸ್ಟಿಲ್ಡ್ ನೀರಿಗೆ ಉಪ್ಪಿನ ಮಾತ್ರೆ ಕರಗಿಸಿ ಮನೆಯಲ್ಲೇ ಮಾಡಿಕೊಂಡ ಲೆನ್ಸ್ ದ್ರಾವಣ. ಕಾರ್ನಿಯಾವನ್ನು ತಿಂದುಹಾಕುವ, ಬಹಳ ನೋವಿನ ಸೋಂಕು ಅದು. ನಲ್ಲಿಯ ನೀರು, ಬೋರ್‌ವೆಲ್ ನೀರು, ಕೆರೆಯ ನೀರು, ಎಲ್ಲದರಲ್ಲೂ ಆ ಜೀವಿ ಇರಬಹುದು. ತೀರ್ಥವೂ ನೀರೇ. ಶಿವಗಂಗೆಯ ಒಳಕಲ್ಲು ತೀರ್ಥಕ್ಕೆ ಕೈಹಾಕಿದವರು ಸಿಕ್ಕಿದ್ದನ್ನು ಕಣ್ಣಿಗೆ ಒತ್ತಿಕೊಳ್ಳದೆ ಇರುವುದು ಹೇಗೆ? ಲೆನ್ಸ್ ಹಾಕಿದ ದಿನ ತಲೆಯ ಮೇಲೆ ಚಿಮುಕಿಸಿಕೊಳ್ಳಿ, ಸಾಕು. ಅಮ್ಮನ ಬಿಸಿಯುಸಿರಿನ ಸೆರಗಿಗೂ ಅದೇ ನಿಯಮ: ಮೊದಲು ಕೈ ತೊಳೆದು ಒರೆಸಿ ಲೆನ್ಸ್ ತೆಗೆಯಬೇಕು, ಆಮೇಲೆ ಸೆರಗು.

1999ರಿಂದ ಸಿಲಿಕೋನ್ ಬೆರೆಸಿದ ಲೆನ್ಸ್‌ಗಳು ಬಂದಿವೆ. ಅವುಗಳ ಮೂಲಕ ಆಮ್ಲಜನಕ ಹಿಂದಿಗಿಂತ ಎಷ್ಟೋ ಪಾಲು ಹೆಚ್ಚು ಹಾಯುತ್ತದೆ. ಫಿಕ್‌ನ ಮಂಜು ಬಹುಮಟ್ಟಿಗೆ ಚದುರಿದೆ. ಉಳಿದಿರುವ ಒಂದು ತೊಂದರೆಗೆ ನಮ್ಮ ಹಿರಿಯರ ಬಾಯಲ್ಲಿ ಚೆಂದದ ಹೆಸರಿದೆ: ಚಾಳೀಸು. ನಲವತ್ತಕ್ಕೆ ಬರುವ ಕನ್ನಡಕ. ದೂರದೃಷ್ಟಿ ಮಂದವಿರುವವರು ಕನ್ನಡಕ ಬಿಟ್ಟು ಲೆನ್ಸಿಗೆ ಬಂದರೆ, ಹತ್ತಿರದ್ದನ್ನು ಓದಲು ಕಣ್ಣು ಮೊದಲಿಗಿಂತ ಹೆಚ್ಚು ದುಡಿಯಬೇಕಾಗುತ್ತದೆ. ಹಾಗಾಗಿ ಅವರಿಗೆ ಚಾಳೀಸು ತುಸು ಮುಂಚೆಯೇ ಬರುತ್ತದೆ. ನಮ್ಮ ಬಸ್‌ ಸ್ಟ್ಯಾಂಡಿನ ಬಳಿ ತಳ್ಳುಗಾಡಿಯಲ್ಲಿ ಪ್ಲಸ್ 1ರಿಂದ ಸಾಲಾಗಿ ಜೋಡಿಸಿಟ್ಟಿದ್ದಾರೆ. ಹಾಕಿ ನೋಡಲು ಹಳೆಯ ದಿನಪತ್ರಿಕೆಯ ಹಾಳೆಯನ್ನೂ ಅವರೇ ಕೊಡುತ್ತಾರೆ.